ನೀತಿ ಸಂಹಿತೆ ಬಂತು, ಶೆಡ್ಡಿನಲ್ಲಿ ನೂರಾ ಎಂಬತ್ತು ಡೆಸ್ಕ್‌ಗಳಿವೆ. ಏನು ಮಾಡಲಿ?

ಕರೂರು ವೆಲ್ಡರ್
2024 ಮಾರ್ಚ್ 18, ರಾತ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಎಂಟು ಜನ ಕೆಲಸಗಾರರು, ಎರಡು ವೆಲ್ಡಿಂಗ್ ಯಂತ್ರ. ಗೇಟು, ಕಿಟಕಿ ಗ್ರಿಲ್ ಮಾಡಿಕೊಂಡು ಹೇಗೋ ನಡೆಯುತ್ತಿತ್ತು. ಜನವರಿಯಲ್ಲಿ ಮೊದಲ ಸಲ ಸರ್ಕಾರಿ ಆದೇಶವೊಂದು ಕೈಗೆ ಬಂತು: ಶಾಸಕರ ಅನುದಾನದಲ್ಲಿ ಸರ್ಕಾರಿ ಶಾಲೆಗಳಿಗೆ 180 ಡೆಸ್ಕ್. 110 ತಯಾರಾಗಿವೆ. ಉಳಿದ 70ಕ್ಕೆ ಕಾಲು ಬೆಸೆದಾಗಿದೆ, ಹಲಗೆ ಕೂರಿಸುವುದು ಬಾಕಿ.

ಶನಿವಾರ ಮಧ್ಯಾಹ್ನ ಟಿವಿಯಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಇಂದು ಆದೇಶ ಕೊಟ್ಟ ಕಚೇರಿಗೆ ಹೋದರೆ ಕಡತ ನೋಡುವ ವಿಷಯ ನಿರ್ವಾಹಕರು ತಲೆ ಎತ್ತದೆಯೇ ಹೇಳಿದರು: «ನೀತಿ ಸಂಹಿತೆ ಬಂದಿದೆ, ಜೂನ್ ಆದ ಮೇಲೆ ಬನ್ನಿ.» ಡೆಸ್ಕ್ ಕೊಡುವುದೋ ಬೇಡವೋ ಎಂದು ಕೇಳಿದೆ. ಅದಕ್ಕೂ ಅದೇ ಉತ್ತರ. ಮುಂಗಡದ ಬಿಲ್ ಎಂದೆ. ಅದೇ ಉತ್ತರ.

ಕಬ್ಬಿಣದ ಅಂಗಡಿಯವರಿಗೆ ಕೊಡಬೇಕಾದದ್ದು ಎರಡು ಲಕ್ಷಕ್ಕೂ ಮೇಲಿದೆ. ಅವರಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲವಂತೆ, ದಿನಾ ಫೋನ್ ಮಾಡುತ್ತಾರೆ. ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ, ಬೇರೆ ಕೆಲಸ ಹಿಡಿಯಲೂ ಆಗುತ್ತಿಲ್ಲ. ಇನ್ನೊಂದು ಮಾತು ಹೇಳಲು ಮರೆತೆ. ಪ್ರತಿ ಡೆಸ್ಕಿನ ಬೆನ್ನಿಗೆ ನೀಲಿ ಬಣ್ಣದಲ್ಲಿ «ಮಾನ್ಯ ಶಾಸಕರ ಅನುದಾನ» ಎಂದು ಬರೆಸಿ ಕೆಳಗೆ ಹೆಸರು ಹಾಕಬೇಕೆಂದು ಅವರೇ ಮಾದರಿ ಕೊಟ್ಟಿದ್ದರು. 110ಕ್ಕೂ ಬರೆಸಿಬಿಟ್ಟಿದ್ದೇನೆ.

ಸಿಮೆಂಟ್ ಚೀಲ
ಮಾರ್ಚ್ 18, ರಾತ್ರಿ

ಇಪ್ಪತ್ತು ವರ್ಷದಿಂದ ಗುತ್ತಿಗೆ ಮಾಡುತ್ತಿದ್ದೇನೆ ತಮ್ಮಾ. ಟಾರ್ಪಾಲು ತಂದು ಮುಚ್ಚಿ, ಜೂನ್‌ವರೆಗೆ ಗೇಟು ಗ್ರಿಲ್ ಮಾಡಿ. ಈ ಮೂರು ತಿಂಗಳು ಯಾವ ಕಚೇರಿಗೆ ಹೋದರೂ ಸಿಗುವುದು ಗೋಡೆಯ ಗಡಿಯಾರ ಮಾತ್ರ.

ನಿವೃತ್ತ ಗುಮಾಸ್ತ
ಮಾರ್ಚ್ 19, ಬೆಳಿಗ್ಗೆ

ಸಿಮೆಂಟ್ ಚೀಲದವರ ಅನುಭವ ದೊಡ್ಡದು, ಆದರೆ ಸಲಹೆ ತಪ್ಪು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೆಕ್ಕಪತ್ರ ಶಾಖೆಯಲ್ಲಿದ್ದವನು. «ಸಂಹಿತೆ ಇದೆ, ಆಮೇಲೆ ಬನ್ನಿ» ಎಂದು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ, ಅದರಲ್ಲಿ ಅರ್ಧಕ್ಕರ್ಧ ಸಂಹಿತೆಗೆ ಸಂಬಂಧವೇ ಇಲ್ಲದ ಕೆಲಸಗಳಾಗಿದ್ದವು. ಈಗ ಒಪ್ಪಿಕೊಳ್ಳಲು ನನಗೇನೂ ನಷ್ಟವಿಲ್ಲ.

ಮೊದಲು ಇದು ಯಾರಿಗಾಗಿ ಇರುವ ಕಟ್ಟುಪಾಡು ಎಂದು ತಿಳಿಯಬೇಕು. 1960ರಲ್ಲಿ ಕೇರಳದ ವಿಧಾನಸಭಾ ಚುನಾವಣೆಯ ಹೊತ್ತಿಗೆ ಪಕ್ಷಗಳು ಹೇಗೆ ನಡೆದುಕೊಳ್ಳಬೇಕು ಎಂಬ ಪಟ್ಟಿಯಾಗಿ ಹುಟ್ಟಿದ್ದು ಇದು. ಆಳುವ ಪಕ್ಷಕ್ಕೆಂದೇ ಒಂದು ಭಾಗ ಸೇರಿದ್ದು 1979ರಲ್ಲಿ. ಇದು ಶಾಸನಸಭೆ ಮಾಡಿದ ಕಾಯ್ದೆಯಲ್ಲ, ಸಂವಿಧಾನದ 324ನೇ ವಿಧಿ ಕೊಟ್ಟ ಅಧಿಕಾರದ ಬಲದಿಂದ ಚುನಾವಣಾ ಆಯೋಗ ಇದನ್ನು ನಡೆಸಿಕೊಂಡು ಬಂದಿದೆ. ಅಧಿಕಾರದಲ್ಲಿರುವವರು ಖಜಾನೆಯನ್ನು ಮತಬೇಟೆಗೆ ಬಳಸದಿರಲಿ ಎನ್ನುವುದು ಅದರ ಉದ್ದೇಶ. ಡೆಸ್ಕ್ ಮಾಡಿದವನ ಹಣ ಹಿಡಿದಿಡು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಆಯೋಗದ ಸೂಚನೆಗಳಲ್ಲಿ ಕಾಮಗಾರಿಯ ಬಗ್ಗೆ ಇರುವುದು ಇಷ್ಟು. ಘೋಷಣೆಗೆ ಮುಂಚೆ ಸ್ಥಳದಲ್ಲಿ ನಿಜವಾಗಿ ಶುರುವಾದ ಕೆಲಸ ಮುಂದುವರಿಯಬಹುದು. ಆದೇಶ ಮಾತ್ರ ಆಗಿ ಕೆಲಸ ಶುರುವಾಗಿರದಿದ್ದರೆ ಈಗ ಶುರುಮಾಡುವಂತಿಲ್ಲ. ಹೊಸ ಮಂಜೂರಾತಿ, ಹೊಸ ಘೋಷಣೆ, ಶಂಕುಸ್ಥಾಪನೆ ಇಲ್ಲ. ಶಾಸಕರ, ಸಂಸದರ ನಿಧಿಯಿಂದ ಹೊಸ ಬಿಡುಗಡೆ ಇಲ್ಲ. ಮುಗಿದ ಕೆಲಸಕ್ಕೆ ಅಧಿಕಾರಿಗೆ ತೃಪ್ತಿಯಾದರೆ ಹಣ ಪಾವತಿಸಲು ಅಡ್ಡಿಯಿಲ್ಲ. ಕೊನೆಯ ವಾಕ್ಯವನ್ನು ಯಾವ ಕಚೇರಿಯೂ ತಾನಾಗಿ ಓದಿ ಹೇಳುವುದಿಲ್ಲ, ನೀವೇ ಓದಿ ತೋರಿಸಬೇಕು.

ಆದ್ದರಿಂದ ವೆಲ್ಡರ್ ಅವರೇ, ಈಗ ಪ್ರಶ್ನೆ ಒಂದೇ. ನಿಮ್ಮ ಕೆಲಸ ಮಾರ್ಚ್ 16ಕ್ಕೆ ಮುಂಚೆ ಶುರುವಾಗಿತ್ತು ಎಂದು ಹೇಳುವ ಕಾಗದ ನಿಮ್ಮ ಹತ್ತಿರ ಏನಿದೆ?

ಕರೂರು ವೆಲ್ಡರ್
ಮಾರ್ಚ್ 19, ಮಧ್ಯಾಹ್ನ

ಸರ್, ಆದೇಶದ ಪ್ರತಿ ಜನವರಿಯದು. ಪೈಪು, ಹಲಗೆ ಕೊಂಡ ಜಿಎಸ್‌ಟಿ ಬಿಲ್‌ಗಳು ಜನವರಿ ಕೊನೆ ಮತ್ತು ಫೆಬ್ರುವರಿಯವು. ಫೆಬ್ರುವರಿಯಲ್ಲಿ ಒಬ್ಬ ಎಂಜಿನಿಯರ್ ಬಂದು ಮಾದರಿ ಡೆಸ್ಕ್ ನೋಡಿ ಸಹಿ ಮಾಡಿ ಹೋದ ಹಾಳೆ ಇದೆ, ಅದರ ಮೇಲೆ ನಮ್ಮ ಹುಡುಗ ಟೀ ಲೋಟ ಇಟ್ಟು ಒಂದು ವೃತ್ತ ಮೂಡಿದೆ. ಮೊಬೈಲ್‌ನಲ್ಲಿ ಫೋಟೊಗಳೂ ಇವೆ.

ನಿವೃತ್ತ ಗುಮಾಸ್ತ
ಮಾರ್ಚ್ 19, ಮಧ್ಯಾಹ್ನ

ಟೀ ಕಲೆ ಇರುವ ಆ ಹಾಳೆಯೇ ನಿಮ್ಮ ಆಸ್ತಿ, ಜೋಪಾನ. ಇಲಾಖೆಯವರೇ ಬಂದು ನೋಡಿ ಸಹಿ ಮಾಡಿದ್ದಾರೆ ಎಂದರೆ ಕೆಲಸ ಚಾಲ್ತಿಯಲ್ಲಿತ್ತು ಎಂದಾಯಿತು.

ಒಂದು ತೊಡಕನ್ನು ಮುಚ್ಚಿಡುವುದಿಲ್ಲ. ರಸ್ತೆ, ಚರಂಡಿಯಾದರೆ ಗುಂಡಿ ತೋಡಿದ್ದು ಕಣ್ಣಿಗೆ ಕಾಣುತ್ತದೆ. ಸರಬರಾಜಿನಲ್ಲಿ ಕೆಲಸ ನಡೆಯುವುದು ನಿಮ್ಮ ಶೆಡ್ಡಿನಲ್ಲಿ, ಶಾಲೆಯಲ್ಲಲ್ಲ. ಡೆಸ್ಕ್ ಹಂಚಿಕೆ ಎಂದು ಯಾರಾದರೂ ದೂರು ಕೊಟ್ಟಾರು ಎಂಬ ಅಳುಕು ಅಧಿಕಾರಿಗೆ ಇರುತ್ತದೆ, ಅದು ಸುಳ್ಳು ನೆಪವಲ್ಲ. ಹಾಗಾಗಿ ತೀರ್ಮಾನ ಅವರದೇ ಆಗಿರಲಿ, ನೀವು ತೀರ್ಮಾನ ಕೇಳಿ. ಒಂದು ಪುಟದ ಅರ್ಜಿ ಬರೆಯಿರಿ: ಆದೇಶದ ಸಂಖ್ಯೆ, ದಿನಾಂಕ, ಮಾದರಿ ಒಪ್ಪಿಗೆಯ ದಿನಾಂಕ, ಎಷ್ಟು ಸಿದ್ಧ, ಎಷ್ಟು ಬಾಕಿ. ಕೊನೆಯಲ್ಲಿ, ಸಮಾರಂಭವಿಲ್ಲದೆ ಶಾಲೆಗೆ ತಲುಪಿಸಲು ಅನುಮತಿ ಇದೆಯೇ, ಇಲ್ಲವಾದರೆ ಯಾವ ಸೂಚನೆಯ ಮೇರೆಗೆ ಇಲ್ಲ ಎಂದು ತಿಳಿಸಬೇಕೆಂಬ ಒಂದೇ ಪ್ರಶ್ನೆ. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಾಯಿಮಾತೇ ಉತ್ತರ. ಕಾಗದ ಹೋದರೆ ಅವರು ಜಿಲ್ಲೆಯ ನೀತಿ ಸಂಹಿತೆ ನೋಡಲ್ ಅಧಿಕಾರಿಯನ್ನು ಕೇಳಿಯಾದರೂ ಬರೆಯಲೇಬೇಕಾಗುತ್ತದೆ.

ಹಾಗೆಯೇ, ದಯವಿಟ್ಟು ಶಾಸಕರ ಮನೆಗೆ ಹೋಗಬೇಡಿ. ಬೇರೆ ಕಾಲದಲ್ಲಿ ಒಂದು ಫೋನಿನಿಂದ ಆಗುವ ಕೆಲಸ ಈ ಕಾಲದಲ್ಲಿ ಅದೇ ಫೋನಿನಿಂದ ಕೆಡುತ್ತದೆ. ಸಿಬ್ಬಂದಿ ಈಗ ಆಯೋಗದ ಅಂಕೆಯಲ್ಲಿದ್ದಾರೆ. ಶಿಫಾರಸು ಬಂತೆಂದರೆ ಕಡತವನ್ನು ಮುಟ್ಟಲೂ ಹೆದರುತ್ತಾರೆ.

ಹೆಸರಿನ ವಿಚಾರ: ಮುಚ್ಚಲೇಬೇಕು. ಜನಪ್ರತಿನಿಧಿಗಳ ನಿಧಿಯ ಆಂಬ್ಯುಲೆನ್ಸ್, ನೀರಿನ ಟ್ಯಾಂಕರ್‌ಗಳ ಮೇಲಿನ ಹೆಸರನ್ನೇ ಮುಚ್ಚಿಸುತ್ತಾರೆ, ನಿಮ್ಮ ಡೆಸ್ಕ್ ಯಾವ ಲೆಕ್ಕ.

ಸಿಮೆಂಟ್ ಚೀಲ
ಮಾರ್ಚ್ 19, ಸಂಜೆ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಹೇಳಿದ್ದೇ ಇದು: «ಮಾಡಿದಷ್ಟು ನೀಡು ಭಿಕ್ಷೆ». ಖಜಾನೆಯವರು ಅದನ್ನು ಅರ್ಧ ಕೇಳಿಸಿಕೊಂಡಿದ್ದಾರೆ. ನಮ್ಮ ಕೈಗೆ ಭಿಕ್ಷೆ ಎನ್ನುವುದಷ್ಟೇ ಉಳಿದಿದೆ.

ಗುಮಾಸ್ತರು ಕಾಗದ ಬರೆಯಿರಿ ಎಂದು ಸುಲಭವಾಗಿ ಹೇಳುತ್ತಾರೆ. ಮಾರ್ಚ್ 31ರ ಕಥೆ ಯಾರು ಹೇಳುತ್ತಾರೆ? ಕಳೆದ ವರ್ಷ ವಿಧಾನಸಭೆಗೆ ಘೋಷಣೆಯಾದದ್ದು ಮಾರ್ಚ್ 29. ಎರಡು ದಿನ ಕಳೆದರೆ ಆರ್ಥಿಕ ವರ್ಷವೇ ಮುಗಿಯಿತು. ನನ್ನದೊಂದು ಚರಂಡಿ ಬಿಲ್ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅನುದಾನ ವಾಪಸಾಯಿತು. ಮತ್ತೆ ಅದು ಹುಟ್ಟಿ ಬಂದದ್ದು ದೀಪಾವಳಿಗೆ. ಸಂಹಿತೆ ಎಂದು ದೂರಬೇಕೋ ಮಾರ್ಚ್ ಎಂದು ದೂರಬೇಕೋ ಗೊತ್ತಾಗಲಿಲ್ಲ.

ನಿವೃತ್ತ ಗುಮಾಸ್ತ
ಮಾರ್ಚ್ 20

ಅದು ಸಂಹಿತೆಯ ತಪ್ಪಲ್ಲ, ಮಾರ್ಚ್‌ನ ತಪ್ಪು. ನಮ್ಮಲ್ಲಿ ಎರಡೂ ಒಟ್ಟಿಗೆ ಬರುವುದರಿಂದ ಬೈಗುಳ ಹಂಚಿಹೋಗುತ್ತದೆ. ವೆಲ್ಡರ್ ಅವರು ಇಂದೇ ಮಾಡಬೇಕಾದದ್ದು: ಸಿದ್ಧವಾದ 110ಕ್ಕೆ ಭಾಗಶಃ ಬಿಲ್ ಮಾಡಲು ಆದೇಶದಲ್ಲಿ ಅವಕಾಶವಿದೆಯೇ ನೋಡಿ. ಇದ್ದರೆ ತಲುಪಿಸಿದ ದಿನವೇ ಮುಖ್ಯೋಪಾಧ್ಯಾಯರ ಸ್ವೀಕೃತಿ ಪಡೆದು ಬಿಲ್ ಒಳಗೆ ಹಾಕಿ. ಹಣ ಯಾವಾಗಲಾದರೂ ಬರಲಿ, ಬಿಲ್ ಸ್ವೀಕರಿಸಿದ ದಿನಾಂಕ ನಿಮ್ಮ ಪರವಾಗಿರಬೇಕು.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇದೆಯೇ? 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸರ್ಕಾರಿ ಇಲಾಖೆಯೂ ಇದರಿಂದ ಹೊರಗಿಲ್ಲ. ಬಡ್ಡಿ ಕೇಳಿ ಎನ್ನುತ್ತಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಬರೆದಿದ್ದರೆ ಲೆಕ್ಕಪತ್ರದವರ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ನನ್ನ ಕಣ್ಣು ನಿಲ್ಲುತ್ತಿತ್ತು.

ಸಿಮೆಂಟ್ ಚೀಲ
ಮಾರ್ಚ್ 20

ಸರಿ, ನನ್ನದಕ್ಕೂ ಮದ್ದು ಹೇಳಿ. ಫೆಬ್ರುವರಿಯಲ್ಲಿ ಒಂದು ಕಾಂಪೌಂಡ್ ಗೋಡೆಯ ಟೆಂಡರ್ ಹಾಕಿದ್ದೆ. ತಾಂತ್ರಿಕ ಲಕೋಟೆ ತೆರೆದರು, ದರದ ಲಕೋಟೆ ತೆರೆದಿಲ್ಲ. ಇಎಂಡಿ, ಅಂದರೆ ಟೆಂಡರ್ ಜೊತೆ ಕಟ್ಟಿದ ಠೇವಣಿ ಹಣ, ಒಳಗೆ ಕುಳಿತಿದೆ. ಈಗ ದರದ ಸಿಂಧುತ್ವ ಮೂರು ತಿಂಗಳು ಮುಂದುವರಿಸಿ ಎಂದು ಪತ್ರ ಬಂದಿದೆ.

ನಿವೃತ್ತ ಗುಮಾಸ್ತ
ಮಾರ್ಚ್ 20

ಮೊದಲೇ ಕರೆದ ಟೆಂಡರ್ ಆದರೆ ಪರಿಶೀಲನೆ ನಡೆಸಬಹುದು, ಅಂತಿಮಗೊಳಿಸಲು ಆಯೋಗದ ಒಪ್ಪಿಗೆ ಬೇಕು. ತುರ್ತೆಂದು ತೋರಿದರೆ ಇಲಾಖೆ ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ಪರಿಶೀಲನಾ ಸಮಿತಿಗೆ ಕಳಿಸುತ್ತದೆ, ಅಲ್ಲಿಂದ ಮುಖ್ಯ ಚುನಾವಣಾಧಿಕಾರಿಯ ಮೂಲಕ ಆಯೋಗಕ್ಕೆ ಹೋಗುತ್ತದೆ. ಕುಡಿಯುವ ನೀರಿನ ಕೆಲಸವಾದರೆ ಆ ದಾರಿಯಲ್ಲಿ ಒಪ್ಪಿಗೆಯ ಆಸೆ ಇಟ್ಟುಕೊಳ್ಳಬಹುದು, ಈ ವರ್ಷದ ಬರದಲ್ಲಿ ಇನ್ನೂ ಹೆಚ್ಚು. ನಿಮ್ಮ ಕಾಂಪೌಂಡ್ ಗೋಡೆ ಅಷ್ಟು ದೂರ ಪ್ರಯಾಣ ಮಾಡುವುದಿಲ್ಲ.

ಸಿಂಧುತ್ವದ ಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಮುಂದುವರಿಸಿದರೆ ಹಳೆಯ ದರಕ್ಕೇ ಕಟ್ಟುಬೀಳುತ್ತೀರಿ. ಜೂನ್‌ನಲ್ಲಿ ಕಬ್ಬಿಣದ ಬೆಲೆ ಎಷ್ಟಿರುತ್ತದೋ. ಮಾದರಿ ಟೆಂಡರ್ ದಸ್ತಾವೇಜುಗಳಲ್ಲಿ ಸಾಮಾನ್ಯವಾಗಿ, ಮುಂದುವರಿಸಲು ಒಪ್ಪದ ಬಿಡ್‌ದಾರ ಇಎಂಡಿ ಕಳೆದುಕೊಳ್ಳದೆ ಹಿಂದೆ ಸರಿಯಬಹುದು ಎಂದಿರುತ್ತದೆ. ನಿಮ್ಮ ದಸ್ತಾವೇಜಿನಲ್ಲಿ ಆ ಷರತ್ತನ್ನು ಹುಡುಕಿ ಆಮೇಲೆ ಉತ್ತರಿಸಿ.

ಅಡಿಕೆ ಭೀಮಸಮುದ್ರ
ಮಾರ್ಚ್ 22

ನೀವೆಲ್ಲ ಸರ್ಕಾರದಿಂದ ಹಣ ಬರುತ್ತಿಲ್ಲ ಎನ್ನುತ್ತಿದ್ದೀರಿ. ನನ್ನ ಹಣವನ್ನೇ ಸರ್ಕಾರ ತೆಗೆದುಕೊಂಡು ಹೋಯಿತು, ಕೇಳಿ.

ಕಳೆದ ವರ್ಷದ ಚುನಾವಣೆ. ಚನ್ನಗಿರಿ ಕಡೆಯ ಇಬ್ಬರು ಬೆಳೆಗಾರರಿಗೆ ಅಡಿಕೆಯ ಬಾಬ್ತು ಕೊಡಲು ಬ್ಯಾಂಕಿನಿಂದ 2,40,000 ರೂಪಾಯಿ ತೆಗೆದುಕೊಂಡು ಕಾರಿನಲ್ಲಿ ಹೊರಟೆ. ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರು. ಸೀಟಿನ ಕೆಳಗೆ ಅಡಿಕೆ ಮಾದರಿಯ ಚೀಲ, ಅದರ ಕೆಳಗೆ ನೋಟಿನ ಕಟ್ಟು. ಹುಡುಗಾಟಕ್ಕೆ ಅಲ್ಲಿಟ್ಟದ್ದಲ್ಲ, ಕಳ್ಳರ ಭಯಕ್ಕೆ ಇಟ್ಟದ್ದು. ಬಚ್ಚಿಟ್ಟಿದ್ದೀರಿ ಎಂದರು. ಬ್ಯಾಂಕಿನ ಚೀಟಿ ಮನೆಯಲ್ಲಿ ಅಂಗಿಯ ಜೇಬಿನಲ್ಲೇ ಉಳಿದಿತ್ತು. ವಿಡಿಯೊ ಮಾಡುತ್ತಾ ಒಂದೊಂದೇ ಕಟ್ಟು ಎಣಿಸಿದರು. ಬಿಸಿಲಲ್ಲಿ ನಿಂತು ನನ್ನ ಹಣವನ್ನು ಬೇರೆಯವರು ಎಣಿಸುವುದನ್ನು ನೋಡಿದ್ದು ಜನ್ಮದಲ್ಲಿ ಅದೇ ಮೊದಲು.

ಕಲಿತದ್ದು ಹೇಳುತ್ತೇನೆ. 50,000ಕ್ಕಿಂತ ಹೆಚ್ಚು ನಗದು ಹಿಡಿದು ಹೊರಟರೆ ಎಲ್ಲಿಂದ ಬಂತು, ಯಾರಿಗೆ ಹೋಗುತ್ತದೆ ಎಂಬ ಎರಡಕ್ಕೂ ಕಾಗದ ಬೇಕು: ಬ್ಯಾಂಕಿನ ಚೀಟಿ ಅಥವಾ ಪಾಸ್‌ಬುಕ್ ಪುಟ, ಎಪಿಎಂಸಿ ಲೈಸೆನ್ಸ್, ಖರೀದಿ ಚೀಟಿ, ಪ್ಯಾನ್. ನಿಯಮದ ಮೂಲ ಗುರಿ ಅಭ್ಯರ್ಥಿ, ಏಜೆಂಟರ ಗಾಡಿಯೇ ಹೊರತು ವ್ಯಾಪಾರಿಯಲ್ಲ ಎಂದು ಆಮೇಲೆ ತಿಳಿಯಿತು. ರಸ್ತೆಯಲ್ಲಿ ನಿಂತು ಅದನ್ನು ವಾದಿಸಿ ಗೆದ್ದವರನ್ನು ನಾನಂತೂ ಕಂಡಿಲ್ಲ. ವಶಪಡಿಸಿಕೊಂಡರೆ ರಸೀದಿ ಕೊಡಬೇಕು, ಅದರಲ್ಲಿ ಮೇಲ್ಮನವಿ ಎಲ್ಲಿಗೆ ಎಂದು ಬರೆದಿರಬೇಕು. ಬರೆದಿರದಿದ್ದರೆ ಕೇಳಿ ಬರೆಸಿಕೊಳ್ಳಿ. ಜಿಲ್ಲೆಯಲ್ಲಿ ಮೂವರ ಸಮಿತಿ ಇರುತ್ತದೆ: ಜಿಲ್ಲಾ ಪಂಚಾಯಿತಿಯ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಜಿಲ್ಲಾ ಖಜಾನಾಧಿಕಾರಿ. ಎಫ್‌ಐಆರ್ ಆಗಿರದ, ಯಾವ ಪಕ್ಷಕ್ಕೂ ಸಂಬಂಧವಿರದ ಹಣವನ್ನು ಅವರು ನೋಡಿ ಬಿಡುಗಡೆ ಮಾಡಬೇಕು. ಮತದಾನ ಮುಗಿದು ಏಳು ದಿನದ ಮೇಲೆ ಇಟ್ಟುಕೊಳ್ಳುವಂತಿಲ್ಲ. ನನಗೆ ಐದನೇ ದಿನ ಸಿಕ್ಕಿತು. ಹತ್ತು ಲಕ್ಷ ದಾಟಿದರೆ ಆದಾಯ ತೆರಿಗೆಯವರು ಬರುತ್ತಾರೆ, ಅದು ಬೇರೆಯದೇ ಪುರಾಣ.

ಈ ಸಲ ಬೆಳೆಗಾರರ ಖಾತೆಗೇ ಹಾಕುತ್ತಿದ್ದೇನೆ. «ನಿಮ್ಮ ದುಡ್ಡು ಕಣ್ಣಿಗೆ ಕಾಣುತ್ತಿಲ್ಲವಲ್ಲ ಸಾಹುಕಾರರೇ» ಎಂದು ಒಬ್ಬರು ಬೇಸರಪಟ್ಟರು.

ಚೌಕಿಪೇಟೆ ಬಟ್ಟೆ ಅಂಗಡಿ
ಮಾರ್ಚ್ 22

ಅಡಿಕೆಯವರಿಗೆ ಹಣದ ಕಾಟ, ನಮಗೆ ಸೀರೆಯ ಕಾಟ. ಯುಗಾದಿ ಏಪ್ರಿಲ್ 9ಕ್ಕೆ, ಬಸವ ಜಯಂತಿ ಮೇ 10ಕ್ಕೆ, ನಡುವೆ ಮದುವೆಗಳು. ಸೂರತ್‌ನಿಂದ ಬರುವ ಲಾರಿಯಲ್ಲಿ ಒಂದೇ ಬಣ್ಣದ ನೂರು ಸೀರೆ ಇದ್ದರೆ ಸಾಕು, ಯಾವ ಪಕ್ಷದ್ದು ಎಂದು ಕೇಳುತ್ತಾರೆ. ಒಂದೇ ಬಣ್ಣದ್ದು ಯಾಕೆ ತರಿಸುತ್ತೇವೆ ಎಂದರೆ ಶಾಲೆಯ ಶಿಕ್ಷಕಿಯರು, ಭಜನಾ ಮಂಡಳಿಯವರು ಹಾಗೆಯೇ ಕೇಳುತ್ತಾರೆ. ಹೋದ ಸಲ ಲಾರಿ ಒಂದು ರಾತ್ರಿ ಚೆಕ್‌ಪೋಸ್ಟ್‌ನಲ್ಲಿ ನಿಂತು ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲಿನ ಅವಧಿ ಮುಗಿಯಿತು. ಆಮೇಲೆ ಅದಕ್ಕೊಂದು ದಂಡದ ಮಾತು.

ನಿವೃತ್ತ ಗುಮಾಸ್ತ
ಮಾರ್ಚ್ 22

ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯವರೆಗೆ ಪೋರ್ಟಲ್‌ನಲ್ಲಿ ಕಾರಣ ಬರೆದು ವಿಸ್ತರಿಸಬಹುದು. ಚಾಲಕನಿಗೆ ಹೇಳಿಡಿ: ಗಾಡಿ ನಿಂತ ಕೂಡಲೇ ನಿಮಗೆ ಫೋನ್ ಮಾಡಲಿ, ಬೆಳಗಾಗುವವರೆಗೆ ಮಲಗದಿರಲಿ. ಸಗಟು ಆರ್ಡರ್ ಕೊಟ್ಟವರ ಪತ್ರದ ಪ್ರತಿಯೊಂದು ಬಿಲ್ಲಿನ ಜೊತೆಗಿರಲಿ.

ಅಚ್ಚುಮೊಳೆ
ಮಾರ್ಚ್ 24

ಚಿತ್ರದುರ್ಗದಲ್ಲಿ ನಮ್ಮದು ಮುದ್ರಣಾಲಯ, ಈಗ ಫ್ಲೆಕ್ಸ್ ಸಹ. ಚುನಾವಣೆ ಎಂದರೆ ನಮಗೆ ಹಬ್ಬ ಎಂದು ಎಲ್ಲರೂ ತಿಳಿದಿದ್ದಾರೆ. ಹಬ್ಬ ಹೌದು, ಆದರೆ ಮಡಿಯ ಹಬ್ಬ.

ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 127ಎ ಪ್ರಕಾರ ಯಾವ ಚುನಾವಣಾ ಕರಪತ್ರ, ಭಿತ್ತಿಪತ್ರದ ಮೇಲೂ ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಇರಬೇಕು. ಮುದ್ರಿಸಲು ಕೊಡುವವರು ತಾವು ಯಾರು ಎಂಬ ಘೋಷಣಾ ಪತ್ರಕ್ಕೆ ಸಹಿ ಮಾಡಿ, ಅವರನ್ನು ಬಲ್ಲ ಇಬ್ಬರಿಂದ ದೃಢೀಕರಿಸಿ ಎರಡು ಪ್ರತಿ ಕೊಡಬೇಕು. ಅದರ ಒಂದು ಪ್ರತಿ ಮತ್ತು ಮುದ್ರಿಸಿದ ಹಾಳೆ ಜಿಲ್ಲಾ ದಂಡಾಧಿಕಾರಿಗಳಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ಕೇಳಿ ನಗಬೇಡಿ, ಜೈಲಿನ ಭಾಗವನ್ನು ಎರಡು ಸಲ ಓದಿ. ರಾತ್ರಿ ಹನ್ನೊಂದಕ್ಕೆ ಪೆನ್‌ಡ್ರೈವ್ ಹಿಡಿದು ಬಂದು, ಹೆಸರು ಬೇಡ ಅಣ್ಣ, ಬರೀ ಐನೂರು ಪ್ರತಿ ಎನ್ನುವ ಹುಡುಗರಿಗೆ ನಾನು ಟೀ ಕೊಟ್ಟು ಕಳಿಸುತ್ತೇನೆ.

ಶಾಮಿಯಾನ, ಅಡುಗೆ, ಧ್ವನಿವರ್ಧಕದವರೂ ಒಂದು ಗಮನಿಸಿ. ಅಭ್ಯರ್ಥಿ ಇಡೀ ಚುನಾವಣೆಯಲ್ಲಿ ಒಬ್ಬರಿಗೆ ನಗದಾಗಿ ಕೊಡಬಹುದಾದದ್ದು 10,000 ರೂಪಾಯಿ ಮಾತ್ರ. ಮೇಲಿನದು ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ. ಲೋಕಸಭೆಗೆ ನಮ್ಮ ರಾಜ್ಯದಲ್ಲಿ ವೆಚ್ಚದ ಮಿತಿ 95 ಲಕ್ಷ. ಆ ಲೆಕ್ಕಕ್ಕೆ ನಿಮ್ಮ ಬಿಲ್ ಬೇಕು. ಹಾಗಾಗಿ ಬಿಲ್ ಕಡಿಮೆ ಬರೆದುಕೊಡಿ, ಉಳಿದದ್ದು ಕೈಗೆ ಕೊಡುತ್ತೇವೆ ಎನ್ನುತ್ತಾರೆ. ಆ ಉಳಿದದ್ದು ಫಲಿತಾಂಶದ ಮರುದಿನ ಉಳಿಯುವುದಿಲ್ಲ, ಸೋತವರ ಮನೆಯಲ್ಲಂತೂ ಖಂಡಿತ ಇಲ್ಲ.

ಚಳ್ಳಕೆರೆ ಗಾಣ
ಮಾರ್ಚ್ 25

ನಾನು ಯಾವ ಗುತ್ತಿಗೆಯವನೂ ಅಲ್ಲ, ಎಣ್ಣೆ ಗಿರಣಿಯವನು. ವಿದ್ಯುತ್ ಸಾಮರ್ಥ್ಯ ಹೆಚ್ಚಿಸಲು ಫೆಬ್ರುವರಿಯಲ್ಲೇ ಹಣ ಕಟ್ಟಿದ್ದೇನೆ. ಕಚೇರಿಯಲ್ಲಿ ಸಂಹಿತೆ ಎಂದರು. ನನ್ನ ಮೀಟರಿಗೂ ದೆಹಲಿಯ ಚುನಾವಣೆಗೂ ಏನು ಸಂಬಂಧ?

ನಮ್ಮ ತಂಗಿಯ ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಅಲ್ಲಿನ ಸರ್ಕಾರಕ್ಕೆ ಸಾಫ್ಟ್‌ವೇರ್ ಪೂರೈಸುವ ಕಂಪನಿಯಲ್ಲಿ. ಅವನಿಗೆ ಹೇಳಿದರೆ ನಕ್ಕ. ಅಲ್ಲಿ ಕೆಳಮನೆ ವಿಸರ್ಜನೆಯಾದ ಗಳಿಗೆಯಿಂದ ಫಲಿತಾಂಶ ಸ್ಪಷ್ಟವಾಗುವವರೆಗೆ ಹಂಗಾಮಿ ಅವಧಿಯಂತೆ. ಅದೂ ಕಾಯ್ದೆಯಲ್ಲ, ರೂಢಿ. ದೊಡ್ಡ ನೀತಿ ನಿರ್ಧಾರ, ಮಹತ್ವದ ನೇಮಕ, ದೊಡ್ಡ ಗುತ್ತಿಗೆ, ಈ ಮೂರನ್ನು ಮುಟ್ಟುವುದಿಲ್ಲ. ದಿನನಿತ್ಯದ ಆಡಳಿತ ನಡೆಯುತ್ತಲೇ ಇರುತ್ತದೆ. ಇವರ ಕಂಪನಿ ಚುನಾವಣೆಯ ಸುಳಿವು ಸಿಕ್ಕ ಕೂಡಲೇ ಸಹಿಯಾಗಬೇಕಾದದ್ದಕ್ಕೆ ಸಹಿ ಮಾಡಿಸಿಕೊಂಡು, ಉಳಿದದ್ದನ್ನು ಮುಂದಿನ ಸರ್ಕಾರದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆಯಂತೆ. ನಾವು ಸುಳಿವು ಸಿಕ್ಕ ಕೂಡಲೇ ಯಾರು ಗೆಲ್ಲುತ್ತಾರೆ ಎಂದು ಹರಟಲು ಬೆಣ್ಣೆ ದೋಸೆಯ ಹೋಟೆಲಿಗೆ ಹೋಗುತ್ತೇವೆ.

ನಿವೃತ್ತ ಗುಮಾಸ್ತ
ಮಾರ್ಚ್ 25

ನಿಮ್ಮ ಮೀಟರಿಗೆ ಏನೂ ಸಂಬಂಧವಿಲ್ಲ. ಲೈಸೆನ್ಸ್ ನವೀಕರಣ, ಖಾತಾ, ನೋಂದಣಿ, ಜಿಎಸ್‌ಟಿ, ಹಣ ಕಟ್ಟಿದ ಸಂಪರ್ಕ, ಇವು ಯಾವ ಮತದಾರನನ್ನೂ ಓಲೈಸುವ ಕೆಲಸಗಳಲ್ಲ. ನಿಗದಿತ ದಿನದೊಳಗೆ ಸೇವೆ ಕೊಡಬೇಕಾದ ‘ಸಕಾಲ’ದಡಿ ಬರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಪಡೆಯಿರಿ.

ಆದರೆ ನಿಜವಾದ ಕಾರಣ ಬೇರೆ. ಆ ಕಚೇರಿಯ ಕಿರಿಯ ಎಂಜಿನಿಯರ್ ಈಗ ಸೆಕ್ಟರ್ ಅಧಿಕಾರಿಯಾಗಿ ಮತಗಟ್ಟೆ ಸುತ್ತುತ್ತಿರಬಹುದು, ಗುಮಾಸ್ತರು ತರಬೇತಿಯಲ್ಲಿರಬಹುದು. ಚುನಾವಣೆಗೆ ಮುಂಚೆ ವರ್ಗವಾಗಿ ಬಂದ ಅಧಿಕಾರಿಗೆ ನಿಮ್ಮ ಕಡತ ಯಾವ ಬೀರುವಿನಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಆಳಿಲ್ಲ ಎಂದು ಹೇಳಲು ನಾಚಿಕೆ, ಸಂಹಿತೆ ಎಂದು ಹೇಳಲು ಗೌರವ. ತರಬೇತಿಯ ದಿನಗಳನ್ನು ವಿಚಾರಿಸಿ, ಅದರ ಮರುದಿನ ಬೆಳಿಗ್ಗೆ ಹತ್ತೂವರೆಗೆ ಕಡತದ ಪೂರ್ತಿ ಪ್ರತಿ ಹಿಡಿದು ಹೋಗಿ.

ಹೊಳಲ್ಕೆರೆ ಬಸ್
ಮಾರ್ಚ್ 27

ನಮ್ಮದು ಮೂರು ಬಸ್. ಅದೇ ಪ್ರಜಾಪ್ರಾತಿನಿಧ್ಯ ಕಾಯ್ದೆಯ 160ನೇ ಕಲಮಿನಡಿ ಚುನಾವಣೆಗೆ ವಾಹನ ವಶಕ್ಕೆ ಪಡೆಯುವ ಆದೇಶ ಬಂದರೆ ಇಲ್ಲ ಎನ್ನುವಂತಿಲ್ಲ, 161ರಡಿ ಬಾಡಿಗೆ ಕೊಡುತ್ತಾರೆ. ಲಾಗ್ ಪುಸ್ತಕದಲ್ಲಿ ಕಿಲೋಮೀಟರ್‌ಗೆ ಅಂದಂದೇ ಸಹಿ ಮಾಡಿಸಿಕೊಳ್ಳಿ. ವಾರ ಕಳೆದರೆ ಸಹಿ ಮಾಡುವವರು ತಮ್ಮ ಮೂಲ ಇಲಾಖೆಗೆ ಮರಳಿರುತ್ತಾರೆ. ಮದುವೆಗೆ ಮುಂಗಡ ಪಡೆದವರು ಮತದಾನದ ಹಿಂದಿನ ದಿನ, ಮತದಾನದ ದಿನ ಬಸ್ ಕೊಡುತ್ತೇನೆಂದು ಮಾತು ಕೊಡಬೇಡಿ.

ಈ ಸಲ ಚಿತ್ರದುರ್ಗಕ್ಕೆ ಏಪ್ರಿಲ್ 26, ದಾವಣಗೆರೆಗೆ ಮೇ 7. ಅಕ್ಕಪಕ್ಕದ ಜಿಲ್ಲೆ, ಎರಡು ಸಲ ಬಸ್ ಹೋಗುತ್ತದೋ ಎಂದು ನನಗೆ ದಿಗಿಲು.

ಕರೂರು ವೆಲ್ಡರ್
ಮಾರ್ಚ್ 27

ನನ್ನ ಶೆಡ್ಡಿನಲ್ಲಿ ಇಬ್ಬರು ಹೊಸದುರ್ಗದವರು. ಅವರಿಗೆ 26ಕ್ಕೆ ರಜೆ ಕೊಡಬೇಕೇ?

ನಿವೃತ್ತ ಗುಮಾಸ್ತ
ಮಾರ್ಚ್ 27

ಸಂಬಳ ಸಹಿತ ಕೊಡಬೇಕು, ಅದೇ ಕಾಯ್ದೆಯ 135ಬಿ ಕಲಮು. ದಿನಗೂಲಿಯವರಿಗೂ. ಊರಿಗೆ ಹೋಗಿ ಬರಲು ಒಂದು ರಾತ್ರಿ ಹೆಚ್ಚು ಬಿಟ್ಟರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಕರೂರು ವೆಲ್ಡರ್
ಏಪ್ರಿಲ್ 11

ಎಲ್ಲರಿಗೂ ವರದಿ ಒಪ್ಪಿಸಬೇಕು. ಮಾರ್ಚ್ 20ರಂದು ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಅದೇ ವಿಷಯ ನಿರ್ವಾಹಕರು ಮೊದಲ ಬಾರಿ ತಲೆ ಎತ್ತಿ, ಇದನ್ನು ಯಾರು ಬರೆದುಕೊಟ್ಟರು ಎಂದು ಕೇಳಿದರು. ಹಳೆಯ ಗುಮಾಸ್ತರೊಬ್ಬರು ಎಂದೆ. «ಓ, ನಮ್ಮವರೇ» ಎಂದರು. ಒಂಬತ್ತು ದಿನ ಏನೂ ಇಲ್ಲ. ಹತ್ತನೇ ದಿನ ಫೋನ್: ಚಾಲ್ತಿ ಕೆಲಸ ಎಂದು ಪರಿಗಣಿಸಲಾಗಿದೆ, ಸಮಾರಂಭ, ಫೋಟೊ, ಹಾರ ಏನೂ ಬೇಡ, ಹೆಸರು ಕಾಣಬಾರದು. ಬರವಣಿಗೆಯಲ್ಲಿ ಎರಡು ಸಾಲು ಕೊಡಿ ಎಂದು ಹಠ ಹಿಡಿದೆ. ಕೊಟ್ಟರು.

ಆಮೇಲಿನ ಅವಸರ ಬೇರೆ. ಏಪ್ರಿಲ್ 11ರಿಂದ ಶಾಲೆಗಳಿಗೆ ಬೇಸಿಗೆ ರಜೆ. ಬಾಗಿಲು ಹಾಕಿದರೆ ಸ್ವೀಕೃತಿಗೆ ಸಹಿ ಯಾರು ಮಾಡುತ್ತಾರೆ? ಬೂದು ಬಣ್ಣದ ನಾಲ್ಕು ಡಬ್ಬಿ ತಂದು, ನಾನು, ಹೆಂಡತಿ, ಇಬ್ಬರು ಹುಡುಗರು ಒಂದು ಇಡೀ ರಾತ್ರಿ ಕುಳಿತು 110 ಹೆಸರುಗಳನ್ನು ಮುಚ್ಚಿದೆವು. ನೀಲಿಯ ಮೇಲೆ ಬೂದು ಬಣ್ಣ ಒಂದೇ ಕೋಟು ಬಳಿದರೆ ಕೂರುವುದಿಲ್ಲ, «ಮಾನ್ಯ» ಎಂಬುದು ಮಂಜಿನ ಹಿಂದಿನಿಂದ ಇಣುಕಿದಂತೆ ಕಾಣುತ್ತಿತ್ತು. ಎರಡನೇ ಕೋಟು ಹಾಕಿದೆವು. ಉಳಿದ 70ಕ್ಕೆ ಹೆಸರೇ ಬರೆಸಲಿಲ್ಲ. ನಿನ್ನೆ ಸಂಜೆಯೊಳಗೆ ಎಲ್ಲ ಶಾಲೆಗೂ ಇಳಿಸಿ ಬಂದೆ. ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಬಣ್ಣ ಒಣಗಿದೆಯೇ ಎಂದು ಬೆರಳಿಟ್ಟು ನೋಡಿ, ಬೆರಳ ಗುರುತನ್ನು ಅಲ್ಲೇ ಬಿಟ್ಟರು.

ಬಿಲ್ ಒಳಗೆ ಹೋಗಿದೆ. ಉದ್ಯಮ್ ಸಂಖ್ಯೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ ಸರ್.

ಸಿಮೆಂಟ್ ಚೀಲ
ಏಪ್ರಿಲ್ 11

ಒಪ್ಪಿದೆ ತಮ್ಮಾ. ನಾನು ಸಿಂಧುತ್ವದ ಪತ್ರಕ್ಕೆ ಇಲ್ಲ ಎಂದು ಬರೆದೆ. ಇಎಂಡಿ ವಾಪಸು ಬರುತ್ತದೆಯಂತೆ. ಬಂದಾಗ ಹೇಳುತ್ತೇನೆ.

ಕರೂರು ವೆಲ್ಡರ್
ಜೂನ್ 14

ಜೂನ್ 6ಕ್ಕೆ ಸಂಹಿತೆ ತೆರವಾಯಿತು. ಬಿಲ್ ವಿಚಾರಿಸಲು ಹೋದೆ. ಎಲ್ಲ ಸರಿ ಇದೆಯಂತೆ, ಒಂದೇ ಕೊರತೆ: ಕಡತಕ್ಕೆ ಡೆಸ್ಕಿನ ಫೋಟೊ ಬೇಕು, ಫೋಟೊದಲ್ಲಿ ಅನುದಾನದ ಬರಹ ಮತ್ತು ಹೆಸರು ಕಾಣಬೇಕು.

ಥಿನ್ನರ್ ಡಬ್ಬಿ, ಹಳೆಯ ಬನಿಯನ್ ಬಟ್ಟೆ ಹಿಡಿದು ಮೊನ್ನೆಯಿಂದ ಶಾಲೆ ಶಾಲೆ ತಿರುಗುತ್ತಿದ್ದೇನೆ. ಒಂದು ಕಡೆ ಬೂದು ಪಟ್ಟಿಯ ಮೇಲೆ ಯಾರೋ ಕೈವಾರದ ಮೊನೆಯಿಂದ «ರಮ್ಯಾ 4ನೇ ತರಗತಿ» ಎಂದು ಗೀಚಿದ್ದಾರೆ, ಒಳಗಿನ ನೀಲಿ ಅಕ್ಷರಗಳ ಒಳಗಿಂದ ಹೊರಟಂತೆ ಚೆನ್ನಾಗಿ ಎದ್ದಿದೆ. ಅದೊಂದನ್ನು ಮಾತ್ರ ಒರೆಸದೆ ಪಕ್ಕದ ಡೆಸ್ಕಿನ ಫೋಟೊ ತೆಗೆದುಕೊಂಡು ಬಂದೆ.